ನೀರಿನಡಿಯ ಪಾದರಸ

ಮೊನ್ನೆ ಭಾಲ್ಕಿಯ ಕಿರಾಣಿ ಅಂಗಡಿಯಲ್ಲಿ ಯಾರಿಗೋ ಲವಂಗದ ಎಣ್ಣೆ ಅಳೆದು ಕೊಡುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕೊಂಡ ಸಾಮಾನನ್ನೂ ಬಿಟ್ಟು ಹೊರಗೆ ಬಂದೆ. ಇಷ್ಟು ವರ್ಷವಾದರೂ ಆ ಮನುಷ್ಯನ ಮೇಲಿನ ಸಿಟ್ಟು ಇಳಿದಿಲ್ಲ.

ನಿಜಾಮರ ಕಾಲದ ಮಾತು. ಬೀದರಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಅವನು ಹಲ್ಲಿನ ದವಾಖಾನೆ ಇಟ್ಟಿದ್ದ. ಹೈದರಾಬಾದಿನಲ್ಲಿ ಕಲಿತು ಬಂದವನು. ಬೆಳ್ಳಿಯ ಪುಡಿಗೆ ಪಾದರಸ ಹಾಕಿ ಅರೆದು ಹುಳುಕು ಹಲ್ಲಿಗೆ ತುಂಬುತ್ತಿದ್ದ. ಪಾದರಸದ ಸೀಸೆಯಲ್ಲಿ ಮೇಲೆ ಬೆರಳಷ್ಟು ನೀರು ನಿಲ್ಲಿಸಿ, ಬೂಚು ಹಾಕಿ, ಕಪಾಟಿಗೆ ಬೀಗ ಜಡಿಯುತ್ತಿದ್ದ. ತುಂಬಿ ಉಳಿದ ಮುದ್ದೆಯನ್ನು ಮಾತ್ರ ಹರಕು ಬಟ್ಟೆಯಲ್ಲಿ ಸುತ್ತಿ ಕಿಟಕಿಯ ಮೇಲೆ ಎಸೆಯುತ್ತಿದ್ದ.

ತಂದೆತಾಯಿ ಇಲ್ಲದ ನನ್ನನ್ನು ಸಾಕಿದವಳು ಅಕ್ಕ. ನನ್ನ ಕೊರಳಿನ ಇಷ್ಟಲಿಂಗಕ್ಕೆ ಬೆಳ್ಳಿಯ ಕರಡಿಗೆ ಮಾಡಿಸಬೇಕೆಂಬುದು ಅವಳ ಹಟ. ಹಳೆಯ ಸೀರೆಯ ಜರಿ ಸುಟ್ಟು ಬೆಳ್ಳಿ ತೆಗೆಯುವುದು ನಮ್ಮ ಓಣಿಯ ಹೆಂಗಸರಿಗೆಲ್ಲ ಗೊತ್ತಿತ್ತು. ಒಂದು ದಿನ ಅವಳು ಕಿಟಕಿಯ ಮೇಲಿನ ಆ ಬಟ್ಟೆಯ ಗಂಟನ್ನು ಕಂಡಳು.

"ಏನ್ರೀ ಡಾಕ್ಟರ್ ಸಾಬ, ಪಾದರಸಕ್ಕ ನೀರು, ಬೂಚು, ಬೀಗ... ಹೊಸಾ ಸೊಸಿಗಿ ಸುದಾ ಇಷ್ಟು ಬಂದೋಬಸ್ತ್ ಇರಂಗಿಲ್ರಿ! ಈ ಬೆಳ್ಳಿ ಯಾಕ ಹಿಂಗ ಒಗ್ದೀರಿ?"

"ಕೆಲಸ ಮುಗದದ್ದು ಅಕ್ಕಾರ. ಬೇಕಂದ್ರ ಒಯ್ರಿ, ನನಗ ಕಸ ಕಮ್ಮಿ ಆಗ್ತದ."

"ಸುಟ್ರ ಬೆಳ್ಳಿ ಬರ್ತದಲ್ರಿ?"

"ಬರ್ತದ." ಅಷ್ಟೇ ಹೇಳಿ ಅವನು ಕನ್ನಡಕ ಒರೆಸಿಕೊಂಡ.

ಅಕ್ಕ ವಾರ ವಾರವೂ ಅದನ್ನು ಅಡುಗೆ ಒಲೆಯ ಮೇಲೆ ಕಾಯಿಸಿದಳು. ಜರಿ ಸುಡುವಾಗಿನಂತೆಯೇ, ಬೂದಿ ಹಾರಬಾರದೆಂದು ಬಾಗಿಲು ಕಿಟಕಿ ಮುಚ್ಚಿಕೊಂಡು. ನನ್ನನ್ನು ಅಂಗಳಕ್ಕೆ ಅಟ್ಟುತ್ತಿದ್ದಳು...

ಮಳೆಗಾಲ ಮುಗಿಯುವಷ್ಟರಲ್ಲಿ ಅವಳ ಒಸಡಿನಿಂದ ರಕ್ತ ಬರತೊಡಗಿತು, ಬಾಯ್ತುಂಬ ಜೊಲ್ಲು. ರೊಟ್ಟಿ ಬಡಿಯುವ ಕೈ ನಡುಗಿತು. ಓಣಿಯನ್ನೇ ನಗಿಸುತ್ತಿದ್ದವಳು ಯಾರಾದರೂ ಬಂದರೆ ಬಾಗಿಲ ಹಿಂದೆ ಅಡಗುತ್ತಿದ್ದಳು. ಅವನು ಬಾಯಿ ನೋಡಿ ಲವಂಗದ ಎಣ್ಣೆ ಹಚ್ಚಿದ. ಒಲೆಯ ಮಾತು ಎತ್ತಲಿಲ್ಲ. ಮರುದಿನ ಕಿಟಕಿಯ ಮೇಲೆ ಗಂಟು ಇರಲಿಲ್ಲ. ಉಳಿದ ಮುದ್ದೆಯೂ ನೀರಿನ ಸೀಸೆಯೊಂದನ್ನು ಸೇರಿತ್ತು.

ಅಕ್ಕ ತೀರಿಕೊಂಡು, ಅವಳ ಮಣ್ಣು ಮುಗಿದ ಮೇಲೆ ಅವನೆದುರು ನಿಂತು ಕೇಳಿದೆ.

"ನಿಮಗ ಗೊತ್ತಿತ್ತೇನ್ರಿ?"

"ಪಾದರಸ ಕಾಸಿದ್ರ ಏಳೋ ಹೊಗಿ ಕೆಟ್ಟದ್ದು ಅಂತ ಗೊತ್ತಿತ್ತು. ಅಷ್ಟು ಸ್ವಲ್ಪಕ್ಕ ಏನಾಗ್ತದ ಅಂದ್ಕೊಂಡಿದ್ದೆ."

"ಹಂಗಾದ್ರ ಸೀಸಿಗಿ ಯಾಕ ಬೀಗ ಹಾಕ್ತಿದ್ರಿ?"

"ಪಾದರಸ ತುಟ್ಟಿ ಇರ್ತದ," ಅಂದ.

ಆ ವಾರವೇ ಸಾಮಾನು ಕಟ್ಟಿಕೊಂಡು ಔರಾದಿಗೆ ಹೋದ. ಬಹಳ ವರ್ಷ ಬದುಕಿ ಅಲ್ಲಿಯೇ ಸತ್ತನಂತೆ. ಸುದ್ದಿ ಬಂದಾಗ ನಾನು ಊಟ ಮಾಡುತ್ತಿದ್ದೆ, ಏಳಲಿಲ್ಲ.

ಅಕ್ಕ ಆಡಿದ ಮಾತುಗಳೆಲ್ಲ ಈಗಲೂ ನೆನಪಿವೆ. ದನಿ ಮಾತ್ರ ಹೋಗಿಬಿಟ್ಟಿದೆ... ಎಷ್ಟು ಹೊತ್ತು ಕಣ್ಣು ಮುಚ್ಚಿ ಕುಳಿತರೂ ಬರುವುದಿಲ್ಲ. ಅವನ ದನಿ ನಿನ್ನೆ ಕೇಳಿದಷ್ಟು ಸ್ಪಷ್ಟವಾಗಿದೆ.