ಸ್ವೀಡನ್ನಿನಲ್ಲಿ ನನಗೆ ಊಟ ಹಾಕದ ಕತೆ

ಮೊನ್ನೆ ಭಾನುವಾರ ನ್ಯೂಜೆರ್ಸಿಯ ಬಾಸ್ಕಿಂಗ್ ರಿಡ್ಜ್‌ನಲ್ಲಿರುವ ಮಗಳು ನಂದಿನಿಯ ಮನೆಗೆ ಹೋಗಿದ್ದೆ. ಒಳಗೆ ಕಾಲಿಡುತ್ತಲೇ ಮೂಗಿಗೆ ಬಡಿದದ್ದು ಸಬ್ಬಸಿಗೆ ಸೊಪ್ಪಿನ ವಾಸನೆ. ನಂದಿನಿ ಅಕ್ಕಿರೊಟ್ಟಿಗೆ ಹಿಟ್ಟು ಕಲಸುತ್ತಿದ್ದಳು. ಸಬ್ಬಸಿಗೆ ಅಂದರೆ ನಿಮಗೆ ರೊಟ್ಟಿ ನೆನಪಾಗುತ್ತದೆ, ಅದು ನ್ಯಾಯವೇ. ನನಗೆ ಮಾತ್ರ ಮೊದಲು ಸ್ವೀಡನ್ ನೆನಪಾಗುತ್ತದೆ. ಅದರ ಹಿಂದೆಯೇ ನಾಚಿಕೆಯಾಗಿ ಮುಖ ಬಿಸಿಯಾಗುತ್ತದೆ. ಯಾಕೆ ಅಂತ ಹೇಳುತ್ತೇನೆ, ಕೂತುಕೊಳ್ಳಿ. ಮೂಗು ಹಿಡಿಯೋಕೆ ತಲೆಯ ಸುತ್ತ ಕೈ ತರುವ ಚಾಳಿ ನನ್ನದು, ಸ್ವಲ್ಪ ಸಹಿಸಿಕೊಳ್ಳಬೇಕು.

ಎಪ್ಪತ್ತರ ದಶಕದ ಶುರುವಿನಲ್ಲಿ ನಾವು ಇದೇ ನ್ಯೂಜೆರ್ಸಿಯ ಮೆಟುಚೆನ್‌ನಲ್ಲಿದ್ದೆವು. ನನ್ನ ಕಂಪನಿ ಕಾಗದದ ಕಾರ್ಖಾನೆಗಳಿಗೆ ವಾಲ್ವ್ ಮಾಡುತ್ತಿತ್ತು. ಸ್ವೀಡನ್ನಿನ ಉತ್ತರಕ್ಕೆ ನನ್ನ ನಾಲಿಗೆಗೆ ಹೊರಳದ ಹೆಸರಿನ ಒಂದು ಊರು, ಅಲ್ಲೊಂದು ದೊಡ್ಡ ಕಾರ್ಖಾನೆ, ಅವರು ನಮ್ಮ ಗಿರಾಕಿ. ವಾಲ್ವ್ ಸೋರಿದಾಗಲೆಲ್ಲ ನನ್ನನ್ನು ವಿಮಾನ ಹತ್ತಿಸುತ್ತಿದ್ದರು. ಹೋದರೆ ನಾಲ್ಕು ದಿನ. ನಾಲ್ಕು ದಿನ ನೋಡಿದ ದೇಶದ ಬಗ್ಗೆ ನಾಲ್ಕು ವರ್ಷ ಮಾತಾಡಬಲ್ಲ ಆಸಾಮಿ ನಾನು.

ಹೋದಾಗಲೆಲ್ಲ ಒಂದೊಂದು ಆಘಾತ. ಅಂಗಡಿಯ ಹೊರಗೆ ಕೊರೆಯುವ ಗಾಳಿಯಲ್ಲಿ ತಳ್ಳುಗಾಡಿಯೊಳಗೆ ಹಸುಗೂಸು ನಿದ್ದೆ ಮಾಡುತ್ತಿದೆ, ತಾಯಿ ಒಳಗೆ ಆರಾಮವಾಗಿ ಕಾಫಿ ಕುಡಿಯುತ್ತಿದ್ದಾಳೆ! ನಮ್ಮಲ್ಲಾದರೆ ಕುಲಾವಿ ಹಾಕದೆ ಮಗುವನ್ನು ಜಗಲಿಗೆ ತಂದರೂ ಬೀದಿಯವರೆಲ್ಲ ಬೈಯುತ್ತಾರೆ. ಕಾರ್ಖಾನೆಯ ದೊಡ್ಡ ಮ್ಯಾನೇಜರು ಸೈಕಲ್ ತುಳಿದುಕೊಂಡು ಬರುತ್ತಾನೆ, ಗೇಟಿನವನು ಅವನನ್ನು ಬರೀ ಹೆಸರು ಹಿಡಿದು ಕೂಗುತ್ತಾನೆ. ಜೂನ್ ತಿಂಗಳಲ್ಲಿ ಸೂರ್ಯನಿಗೆ ಮುಳುಗುವ ಮನಸ್ಸೇ ಇಲ್ಲ. ಸಂಧ್ಯಾವಂದನೆ ಬಿಟ್ಟು ಎಷ್ಟೋ ವರ್ಷವಾಗಿದ್ದರೂ, ಇಲ್ಲಿ ಮಾಡುವವನು ಯಾವಾಗ ಮಾಡಬೇಕಪ್ಪಾ ಅಂತ ನನಗೆ ಚಿಂತೆ.

ಆದರೆ ಇವೆಲ್ಲ ಚಿಲ್ಲರೆ. ನಿಜವಾದ ಪೆಟ್ಟು ಬಿದ್ದದ್ದು ಲೆನಾರ್ಟನ ಮನೆಯಲ್ಲಿ.

ಲೆನಾರ್ಟ್ ಆ ಕಾರ್ಖಾನೆಯ ಇಂಜಿನಿಯರ್. ಒಳ್ಳೆಯವನು, ಮಾತು ಕಮ್ಮಿ. ಒಂದು ಸಂಜೆ ನನಗೆ ಬೇಕಾದ ನಕ್ಷೆ ಅವನ ಮನೆಯಲ್ಲಿ ಉಳಿದಿತ್ತು. "ಮನೆಗೆ ಹೋಗಿ ತಗೊಂಡು, ಆಮೇಲೆ ನಿನ್ನನ್ನು ಹೋಟೆಲಿಗೆ ಬಿಡುತ್ತೇನೆ" ಅಂದ. ಬಾಗಿಲಲ್ಲೇ ಅವನು ಬೂಟು ಕಳಚಿಟ್ಟ. ನನಗೆ ಖುಷಿಯೋ ಖುಷಿ. ನಮ್ಮೋರೇ ಕಣಯ್ಯ ಇವರು ಅಂದುಕೊಂಡು, ತೂತು ಬಿದ್ದ ಕಾಲುಚೀಲ ಮರೆಮಾಡಿಕೊಂಡು ಒಳಗೆ ಹೋದೆ. ಅಷ್ಟರಲ್ಲಿ ಗಡಿಯಾರ ಐದೂವರೆ ಹೊಡೆಯಿತು. ಅವನ ಹೆಂಡತಿ ಒಳಗಿನಿಂದ ಏನೋ ಕೂಗಿದಳು. ಲೆನಾರ್ಟ್ ನನಗೆ ಕುರ್ಚಿ ತೋರಿಸಿದ. ಒಂದು ಸ್ವೀಡಿಷ್ ಪತ್ರಿಕೆ ಕೈಗಿಟ್ಟ. "ಯೂ ಸಿಟ್ ಪ್ಲೀಸ್. ವೀ ಈಟ್ ನೌ" ಅಂದ. ಒಳಗೆ ಹೋದ. ಊಟಕ್ಕೆ ಕೂತ.

ಹೌದು, ನೀವು ಸರಿಯಾಗೇ ಓದಿದಿರಿ. ಮನೆಗೆ ಬಂದವನನ್ನು ಹೊರಗೆ ಕೂರಿಸಿ ಗಂಡ ಹೆಂಡತಿ ಮಕ್ಕಳು ಒಳಗೆ ಊಟ ಮಾಡಿದರು! ಬಾಗಿಲು ಅರ್ಧ ತೆರೆದಿತ್ತು. ಹೊಸ ಆಲೂಗಡ್ಡೆಯನ್ನು ಸಬ್ಬಸಿಗೆ ಹಾಕಿ ಬೇಯಿಸಿದ ಘಮ ನೇರ ನನ್ನ ಹೊಟ್ಟೆಗೇ ಬರುತ್ತಿತ್ತು. ಸಸ್ಯಾಹಾರಿ ಅಂದದ್ದಕ್ಕೆ ಮಧ್ಯಾಹ್ನ ನನಗೆ ಕೊಟ್ಟದ್ದು ಬೇಯಿಸಿದ ಎರಡು ಗಜ್ಜರಿ, ಅಷ್ಟೇ. ಒಳಗಿನಿಂದ ತಟ್ಟೆಗೆ ಚಮಚ ತಾಗುವ ಸದ್ದು. ಪ್ರತಿ ಸದ್ದಿಗೂ ನನ್ನ ಮೈ ಉರಿಯುತ್ತಿತ್ತು. ಹಸಿವಿಗಲ್ಲ, ಅಪಮಾನಕ್ಕೆ. ಮೈಸೂರಿನಲ್ಲಿ ನಮ್ಮಮ್ಮ ಪೋಸ್ಟಿನವನಿಗೂ ಕೈಗೆ ಕೋಡುಬಳೆ ಇಡದೆ ಕಳಿಸಿದವಳಲ್ಲ. ಅಂಥವಳ ಮಗ ನಾನು, ತಲೆಬುಡ ಅರ್ಥವಾಗದ ಪತ್ರಿಕೆ ಹಿಡಿದು ಕೂತಿದ್ದೆ. ಕಣ್ಣಲ್ಲಿ ನೀರು ಬಂತು. ಸುಳ್ಳು ಯಾಕೆ ಹೇಳಲಿ?

ಮುಂದಿನ ಸಲ ಹೋದಾಗ ಲೆನಾರ್ಟನನ್ನು ಕೇಳಿಯೇಬಿಟ್ಟೆ. ಅವನಿಗೆ ನನಗಿಂತ ಹೆಚ್ಚು ಆಘಾತ. ಹೋಟೆಲಿನಲ್ಲಿ ನಿನ್ನ ಊಟ ಕಾದಿತ್ತಲ್ಲ, ಕರೆದು ನಿನ್ನನ್ನು ಇಕ್ಕಟ್ಟಿಗೆ ಸಿಕ್ಕಿಸುವುದು ಹೇಗೆ ಅಂದ. ಅವರದ್ದೂ ಒಂದು ಮರ್ಯಾದೆ, ಸರಿ. ಆದರೆ ನಾನು ಊರಲ್ಲಿ ಕತೆ ಹೇಳುವಾಗ ಇದನ್ನು ಬಿಟ್ಟುಬಿಡುತ್ತಿದ್ದೆ. ಊಟವಾದ ಮೇಲೆ ಅವರು ನನಗೆ ಕಾಫಿಯನ್ನೂ ಏಲಕ್ಕಿ ಹಾಕಿದ ಬನ್ನನ್ನೂ ಕೊಟ್ಟದ್ದು, ಸ್ವಾಭಿಮಾನ ಬದಿಗಿಟ್ಟು ನಾನು ಎರಡು ಬನ್ ತಿಂದದ್ದು, ಅದನ್ನೂ ಬಿಡುತ್ತಿದ್ದೆ. ಇಪ್ಪತ್ತು ನಿಮಿಷ ಕೂತದ್ದು ಹೇಳುತ್ತ ಹೇಳುತ್ತ ಒಂದು ಗಂಟೆಯಾಯಿತು.

ಆಗ ನ್ಯೂಜೆರ್ಸಿಯಲ್ಲಿ ಕನ್ನಡದವರ ಮನೆಗಳು ಬೆರಳೆಣಿಕೆ. ಯಾರ ಮನೆಯಲ್ಲಿ ಸೇರಿದರೂ ಊಟದ ಹೊತ್ತಿಗೆ "ಆ ಸ್ವೀಡನ್ ಕತೆ ಹೇಳಿ ಸಾರ್" ಅನ್ನೋರು. ನಾನು ಶುರುಮಾಡುತ್ತಿದ್ದೆ. ಲೆನಾರ್ಟನ ಮಾತು ಬಂದಾಗ ನಂದಿನಿ ಎದ್ದು ನಿಂತು, ಗದ್ದ ಎತ್ತಿ, ದಪ್ಪ ದನಿಯಲ್ಲಿ "ಯೂ ಸಿಟ್ ಪ್ಲೀಸ್. ವೀ ಈಟ್ ನೌ" ಅನ್ನುತ್ತಿದ್ದಳು. ಎಲ್ಲರೂ ಬಿದ್ದು ಬಿದ್ದು ನಗೋರು. ಐದು ವರ್ಷದವಳಿದ್ದಾಗಿನಿಂದ ಅವಳದು ಅದೇ ಪಾರ್ಟು.

ಅವಳಿಗೆ ಹನ್ನೆರಡಾದ ವರ್ಷ ಅಮ್ಮ ಮೈಸೂರಿನಿಂದ ಆರು ತಿಂಗಳಿಗೆ ಬಂದಳು. ಅಮ್ಮ ಬರುವ ಹಿಂದಿನ ದಿನ ನನ್ನ ಹೆಂಡತಿ ವಿಶಾಲು ಪಾತ್ರೆ ಒರೆಸುತ್ತ ಒಂದು ಮಾತು ಹೇಳಿದಳು.

"ನೋಡಿ, ತಿಂಗಳ ಮೂರು ದಿನ ನಾನು ಹೇಗೋ ದೂರ ಕೂತ್ಕೋತೀನಿ, ನಿಮ್ಮ ಮನೇಲಿ ಮದುವೆಯಾದಾಗಿನಿಂದ ಕೂತು ಅಭ್ಯಾಸ ಇದೆ. ಆದರೆ ನಂದಿನಿ ಇವತ್ತೋ ನಾಳೆಯೋ ದೊಡ್ಡವಳಾಗ್ತಾಳೆ. ಅವಳನ್ನ ಕೂರಿಸೋ ಮಾತು ಬಂದರೆ ನೀವು ಅಮ್ಮನ ಹತ್ರ ಮಾತಾಡ್ಬೇಕು. ನಾನಲ್ಲ, ನೀವು."

"ಮಾತಾಡ್ತೀನಿ ಕಣೆ, ಅದೇನು ಮಹಾ" ಅಂದೆ.

ಕೇಳಿದಿರಲ್ಲ, ನಾನು ಮಾತು ಕೊಟ್ಟಿದ್ದೆ.

ಅಮ್ಮ ಬಂದವಳೇ ಮನೆಯ ರೂಪವನ್ನೇ ಬದಲಿಸಿದಳು. ಹಿಮ ಎತ್ತಲು ಬಂದವನಿಗೂ ಒಬ್ಬಟ್ಟು. ಸ್ವೀಡನ್ ಕತೆಯನ್ನು ಅವಳಿಗೂ ಹೇಳಿದೆ, ನಂದಿನಿ ತನ್ನ ಪಾರ್ಟು ಮಾಡಿದಳು. ಅಮ್ಮ ನಗಲಿಲ್ಲ. ಎರಡೂ ಕೈ ಕೆನ್ನೆಗೆ ಹೊಡೆದುಕೊಂಡು "ಅಯ್ಯೋ ರಾಮ! ಮನೆಗೆ ಬಂದ ಜೀವಾನ ಹೊರಗೆ ಕೂರಿಸಿ ಒಳಗೆ ಉಂಡರೆ? ಅನ್ನ ಹೇಗೆ ಗಂಟಲಲ್ಲಿ ಇಳೀತೋ ಅವರಿಗೆ!" ಅಂದಳು. ಇಂಗ್ಲಿಷ್ ಬಾರದ ಅಮ್ಮನಿಗೆ ಆ ಒಂದು ಇಂಗ್ಲಿಷ್ ಮಾತು ಮಾತ್ರ ಬಾಯಿಪಾಠವಾಯಿತು.

ಚಳಿ ಮುಗಿಯುವ ಹೊತ್ತಿಗೆ ಒಂದು ಶನಿವಾರ ಬೆಳಿಗ್ಗೆ ನಂದಿನಿ ದೊಡ್ಡವಳಾದಳು. ಅಮ್ಮನಿಗೆ ಸಂಭ್ರಮ. ಎಳ್ಳು ಬೆಲ್ಲ ಕುಟ್ಟಿ ಚಿಗಳಿ ಮಾಡಿದಳು, ಹಾಡು ಹೇಳಿ ಆರತಿ ಎತ್ತಿದಳು. ಆಮೇಲೆ ತಾನೇ ಅಡುಗೆಮನೆಯ ಹಿಂದಿನ, ಗಾಜು ಹಾಕಿ ಮುಚ್ಚಿದ ಪೋರ್ಚಿನಲ್ಲಿ ಚಾಪೆ ಹಾಸಿ, ಒಂದು ತಟ್ಟೆ ಲೋಟ ಬೇರೆ ತೆಗೆದಿಟ್ಟು, "ಮೂರು ದಿನ ಇಲ್ಲೇ ಇರು ಪುಟ್ಟಾ, ಒಳಗೆ ಏನೂ ಮುಟ್ಟಬೇಡ" ಅಂದಳು. ವಿಶಾಲು ನನ್ನ ಮುಖ ನೋಡಿದಳು. ನಾನು ಪೇಪರ್ ನೋಡಿದೆ. ವಯಸ್ಸಾದ ಜೀವ, ಮೂರೇ ದಿನ, ಯಾಕೆ ನೋಯಿಸುವುದು ಅಂತ ನನಗೆ ನಾನೇ ಹೇಳಿಕೊಂಡೆ. ಲೆನಾರ್ಟ್ ಕೂಡ ಇಪ್ಪತ್ತೇ ನಿಮಿಷ ಕೂರಿಸಿದ್ದು ಅನ್ನುವುದು ಆಗ ಹೊಳೆಯಲಿಲ್ಲ ನೋಡಿ.

ಮಧ್ಯಾಹ್ನ ನಾವು ಮೂವರು ಮೇಜಿಗೆ ಕೂತೆವು. ಅಮ್ಮ ಸಬ್ಬಸಿಗೆ ಹುಳಿ ಮಾಡಿದ್ದಳು. ಮೆಂತ್ಯ ಸೊಪ್ಪು ಕಣ್ಣಿಗೂ ಬೀಳದ ಆ ಕಾಲದಲ್ಲಿ ಇಲ್ಲಿನ ಅಂಗಡಿಯಲ್ಲಿ ಸಬ್ಬಸಿಗೆ ಮಾತ್ರ ಧಾರಾಳವಾಗಿ ಸಿಗುತ್ತಿತ್ತು. ಬಡಿಸಿ, ಬಾಗಿಲ ಕಡೆ ತಿರುಗಿ ಅಮ್ಮ ಅಂದಳು, "ನಾವು ಮುಗಿಸಿ ನಿನಗೆ ತಂದು ಬಡಿಸ್ತೀವಿ ಮರಿ." ನಾನು ಅನ್ನ ಕಲಸಿ ತುತ್ತು ಎತ್ತಿದೆ.

ಪೋರ್ಚಿನಿಂದ ದನಿ ಬಂತು. ಈ ಸಲ ದಪ್ಪ ದನಿಯಲ್ಲ, ಅವಳದೇ ಸಣ್ಣ ದನಿ.

"ಯೂ ಸಿಟ್ ಪ್ಲೀಸ್. ವೀ ಈಟ್ ನೌ."

ನನ್ನ ಕೈ ಅಲ್ಲೇ ನಿಂತಿತು. ಕೆನ್ನೆಗೆ ಯಾರೋ ಬಾರಿಸಿದ ಹಾಗಾಯಿತು. ವಿಶಾಲು ತಟ್ಟೆ ಎತ್ತಿಕೊಂಡು ಪೋರ್ಚಿಗೆ ಹೋಗಿ ಚಾಪೆಯ ಮೇಲೆ ಮಗಳ ಪಕ್ಕ ಕೂತಳು. ಅಮ್ಮ ಹುಳಿಯ ಸೌಟು ಕೆಳಗಿಟ್ಟಳು. ಬೈಯುತ್ತಾಳೆ ಅಂದುಕೊಂಡೆ.

"ಅಲ್ವೋ, ಆ ದೇಶದಲ್ಲಿ ಒಂದು ಹೊತ್ತು ಕೂತದ್ದಕ್ಕೆ ಇಷ್ಟು ವರ್ಷ ಊರೆಲ್ಲ ಹೇಳ್ಕೊಂಡು ತಿರುಗಿದೆಯಲ್ಲ" ಅಂದಳು ಅಮ್ಮ ಮೆಲ್ಲಗೆ. "ನಾನು ಮೂವತ್ತು ವರ್ಷ ಹಿತ್ತಲ ಬಾಗಿಲಲ್ಲಿ ಕೂತೆ. ನೀವೆಲ್ಲ ಒಳಗೆ ಉಣ್ಣೋ ಸದ್ದು ಕೇಳ್ತಿತ್ತು. ನೀನೇ ಒಂದು ದಿನ ಬಂದು, ಅಮ್ಮಾ ಹಸಿವಾ ಅಂತ ಕೇಳಿದ್ದು ನನಗೆ ನೆನಪಿಲ್ಲ ಕಣೋ."

ಆಮೇಲೆ ಅವಳೂ ಎದ್ದಳು. ಮಡಿ ಅಂದರೆ ಪ್ರಾಣ ಬಿಡುತ್ತಿದ್ದ ನನ್ನಮ್ಮ ತಟ್ಟೆ ಹಿಡಿದು, ಬಾಗಿಲ ಹೊಸ್ತಿಲಲ್ಲಿ ಒಂದು ಕ್ಷಣ ನಿಂತು, ದಾಟಿ ಹೋದಳು. ಚಾಪೆ ಸಾಲದೆ ನೆಲದ ಮೇಲೆ ಕೂತದ್ದು ಕಿಟಕಿಯಲ್ಲಿ ಕಂಡಿತು.

ಏಳಬೇಕಾಗಿತ್ತು ನಾನು. ನಿಮಗನ್ನಿಸುತ್ತಿರಬಹುದು, ಇವನೂ ಈಗ ಎದ್ದು ಹೋಗುತ್ತಾನೆ ಅಂತ. ಹೋಗಲಿಲ್ಲ. ನಾಚಿಕೆಯೋ ಬಿಗುಮಾನವೋ, ಕಾಲು ಏಳಲಿಲ್ಲ. ಪೋರ್ಚಿನಿಂದ ಮೂರು ತಟ್ಟೆಗಳ ಸದ್ದು ಬರುತ್ತಿತ್ತು. ಯಾರೂ ನನ್ನನ್ನು ಕರೆಯಲಿಲ್ಲ. ಸಂಜೆಗೆ ಅಮ್ಮನೇ ಚಾಪೆ ಸುತ್ತಿಟ್ಟಳು, ಆ ವಿಷಯ ನಮ್ಮ ಮನೆಯಲ್ಲಿ ಮತ್ತೆ ಬರಲಿಲ್ಲ. ಸ್ವೀಡನ್ ಕತೆಯನ್ನೂ ನಾನು ಮತ್ತೆ ಹೇಳಲಿಲ್ಲ. ಕೇಳಿದವರಿಗೆ ಮರೆತುಹೋಯಿತು ಅನ್ನುತ್ತಿದ್ದೆ.

ಅಮ್ಮ ಹೋಗಿ ಎಷ್ಟೋ ವರ್ಷವಾಯಿತು. ಮೊನ್ನೆ ಆ ಸಬ್ಬಸಿಗೆಯ ಘಮದಲ್ಲಿ ನಂದಿನಿ ಒಲೆಯ ಮುಂದೆ ನಿಂತಿದ್ದಳು. "ಡ್ಯಾಡ್, ನೀವು ಕೂತ್ಕೊಳ್ಳಿ, ಬಿಸಿಬಿಸಿ ಹಾಕ್ತೀನಿ" ಅಂದಳು. ರೊಟ್ಟಿ ಮಾಡುವವರದ್ದು ಯಾವಾಗಲೂ ಕೊನೆಯ ಊಟ ಅಲ್ಲವೇ? ಅವಳ ಕೈಯಿಂದ ಮೊಗಚೋ ಕೈ ಕಿತ್ತುಕೊಂಡೆ. "ಮೊದಲನೇದು ನಿಂದು. ಕೂತ್ಕೋ" ಅಂದೆ. ನಕ್ಕಳು, ಕೂತಳು. ನಾನು ತಟ್ಟಿದ ರೊಟ್ಟಿ ಯಾವ ದೇಶದ ನಕ್ಷೆಯೋ ಗೊತ್ತಿಲ್ಲ, ನಡುವೆ ಹರಿದಿತ್ತು. ಅದನ್ನೇ ಬಡಿಸಿದೆ. ತಿರುಗಿ ಒಲೆಯ ಕಡೆ ನೋಡುತ್ತ, ಮುಖ ತೋರಿಸುವ ಧೈರ್ಯವಿಲ್ಲದೆ, ಇಷ್ಟು ವರ್ಷ ಇಟ್ಟುಕೊಂಡಿದ್ದ ಮಾತು ಹೇಳಿದೆ.

"ಆವತ್ತು ಮೆಟುಚೆನ್ ಮನೇಲಿ, ಆ ಪೋರ್ಚಿಗೆ, ನಾನು ಎದ್ದು ಬರಬೇಕಿತ್ತು ಕಣಮ್ಮ."

ಅವಳು ಯಾವಾಗಿನ ಮಾತು ಅಂತ ಕೇಳಲಿಲ್ಲ. ತಟ್ಟೆ ಪಕ್ಕಕ್ಕೆ ಸರಿಸಿದ ಸದ್ದಾಯಿತು.

"ಐ ನೋ, ಡ್ಯಾಡ್" ಅಂದಳು. "ಮಮ್ಮಿ ಬಂದ್ರು, ಅಜ್ಜಿ ಬಂದ್ರು. ಅವರು ಊಟ ಮುಗಿಸೋವರೆಗೂ ನಾನು ಬಾಗಿಲ ಕಡೇನೇ ನೋಡ್ತಾ ಇದ್ದೆ."

ಕಾವಲಿಯ ಮೇಲೆ ಎರಡನೆಯ ರೊಟ್ಟಿ ಸೀಯುತ್ತಿತ್ತು. ಮೊಗಚುವುದು ನನ್ನ ಕೈಲಾಗಲಿಲ್ಲ.