ಡಾಕ್ಟರಿಗೆ ಬೇಜಾರಾಗಬಾರದಲ್ಲ

ಕಳೆದ ಮಂಗಳವಾರ ಬೆಳಗ್ಗೆ ಸಕ್ಕರೆ ಕಾಯಿಲೆಯ ಅಜ್ಜಿಯೊಬ್ಬರಿಗೆ ಒಂದು ಲೋಟ ಆರೆಂಜ್ ಜ್ಯೂಸ್ ಕುಡಿಸಿದೆ. ಕುಡಿಸಿದ ತಪ್ಪಿಗೆ ಅವರ ಮಗನಿಂದ ಚೆನ್ನಾಗಿ ಬೈಸಿಕೊಂಡೆ. ಅದೂ ನಮ್ಮ ಕ್ಲಿನಿಕ್ಕಿನಲ್ಲೇ, ಬಾಗಿಲು ತೆರೆದಿದ್ದಾಗ, ಅಪ್ಪಟ ಕನ್ನಡದಲ್ಲಿ. (ನರ್ಸ್‌ಗಳಿಗೆ ಅರ್ಥವಾಗಲಿಲ್ಲ ಎಂಬುದೊಂದೇ ಸಮಾಧಾನ.)

ಜಗಳದ ಕಥೆಗೆ ಬರುವ ಮೊದಲು ನನ್ನ ಕೆಲಸವೇನೆಂದು ಹೇಳಿಬಿಡುತ್ತೇನೆ. ಎಷ್ಟನೆಯ ಸಲ ಹೇಳುತ್ತಿದ್ದೇನೋ. ಅಮೆರಿಕದ ಡರ್ಹಮ್‌ನ ಒಂದು ಫ್ಯಾಮಿಲಿ ಕ್ಲಿನಿಕ್ಕಿನಲ್ಲಿ ನಾನು ಕ್ಲಿನಿಕಲ್ ಫಾರ್ಮಸಿಸ್ಟ್. ಮೂವರು ಡಾಕ್ಟರುಗಳ ರೂಮಿನ ಪಕ್ಕ ನನ್ನದೂ ಒಂದು ಪುಟ್ಟ ರೂಮು. ಅಲ್ಲಿ ಮಾರುವುದಕ್ಕೆ ಒಂದು ಮಾತ್ರೆಯೂ ಇಲ್ಲ. ಪೇಷಂಟ್ ಏನೇನು ನುಂಗುತ್ತಾರೆ, ಎಷ್ಟು ಹೊತ್ತಿಗೆ ನುಂಗುತ್ತಾರೆ, ಯಾವುದರ ಜೊತೆ ಯಾವುದು ಆಗಿಬರುವುದಿಲ್ಲ, ಯಾವ ಡೋಸ್ ಇಳಿಸಬೇಕು, ಇವನ್ನೆಲ್ಲ ಕೂತು ವಿಚಾರಿಸಿ ಡಾಕ್ಟರಿಗೆ ಹೇಳುವುದು ನನ್ನ ಕೆಲಸ. ಡಾಕ್ಟರು ಕೇಳುತ್ತಾರೆ. ಕೇಳದವರು ನಮ್ಮವರು.

ನಮ್ಮಪ್ಪ ಮೈಸೂರಿನಲ್ಲಿ, ಮಗಳು ಅಮೆರಿಕದಲ್ಲಿ ಮೆಡಿಕಲ್ ಶಾಪ್ ಇಟ್ಟಿದ್ದಾಳೆ ಎಂದು ಹೇಳಿಕೊಂಡು ತಿರುಗುತ್ತಾರೆ. ಇಲ್ಲಿನ ಕನ್ನಡದವರು ತಂತಮ್ಮ ಅಡುಗೆ ತಂದು ಒಟ್ಟಿಗೆ ಉಣ್ಣುವ ಪಾಟ್‌ಲಕ್‌ನಲ್ಲಿ ಒಬ್ಬ ಆಂಟಿ ನನ್ನ ತಟ್ಟೆಗೆ ಪುಳಿಯೋಗರೆ ಬಡಿಸುತ್ತಾ, ಡಾಕ್ಟರ್ ಓದೋಕೆ ಮಾರ್ಕ್ಸ್ ಸಾಲಲಿಲ್ವಾ ಎಂದು ಕನಿಕರದಿಂದ ಕೇಳಿದ್ದರು. ನಾನು ನಕ್ಕು ಪುಳಿಯೋಗರೆ ತಿಂದೆ. ಇನ್ನೇನು ಮಾಡಲಿ?

ಸರಿ, ಮಂಗಳವಾರಕ್ಕೆ ಬರೋಣ. ಅಜ್ಜಿಯನ್ನು ಸರೋಜಮ್ಮ ಎನ್ನೋಣ, ಮಗನನ್ನು ಮುರಳಿ. (ಹೆಸರು ಬದಲಿಸಿದ್ದೇನೆ. ಬರಿ, ನಾಲ್ಕು ಜನಕ್ಕೆ ಗೊತ್ತಾಗಲಿ ಎಂದು ಅಜ್ಜಿಯೇ ಅಪ್ಪಣೆ ಕೊಟ್ಟಿದ್ದಾರೆ.) ಅಜ್ಜಿ ಮೈಸೂರಿನಿಂದ ಆರು ತಿಂಗಳಿಗೆಂದು ಬಂದವರು. ಬಂದ ಹೊಸದರಲ್ಲಿ ನಮ್ಮ ಡಾಕ್ಟರಿಗೆ ತೋರಿಸಿದ್ದರು. ಈಗ ಬೇರೆ ಔಷಧಿ ಏನಾದರೂ ತೆಗೆದುಕೊಳ್ಳುತ್ತಿದ್ದಾರಾ ಎಂದು ಡಾಕ್ಟರು ಕೇಳಿದ್ದಕ್ಕೆ, ಊರಿನ ಮಾತ್ರೆಯೆಲ್ಲ ಮುಗಿದಿದೆ ಎಂದು ತಾಯಿಯ ಪರವಾಗಿ ಮಗನೇ ಹೇಳಿದ್ದರು. ಡಾಕ್ಟರು ಶುಗರ್‌ಗೆ ಒಂದು ಮಾತ್ರೆ ಬರೆದುಕೊಟ್ಟಿದ್ದರು.

ಅಲ್ಲಿಂದ ಮೂರು ವಾರ ಬೆಳಗ್ಗೆ ಹೊತ್ತು ಅಜ್ಜಿಗೆ ಮೈಯೆಲ್ಲ ಬೆವರು, ಕೈ ನಡುಕ, ಕಣ್ಣು ಕತ್ತಲೆ. ಶುಗರ್ ಜಾಸ್ತಿಯಾಗಿದೆ, ಡೋಸ್ ಏರಿಸಿ ಎಂದು ಮುರಳಿ ಫೋನ್ ಮಾಡಿದ್ದರು. ಏರಿಸುವ ಮೊದಲು ಡಾಕ್ಟರು ಅವರನ್ನು ನನ್ನ ಹತ್ತಿರ ಕಳಿಸಿದರು.

ಮನೆಯಲ್ಲಿರುವ ಔಷಧಿಯನ್ನೆಲ್ಲ ಒಂದು ಚೀಲಕ್ಕೆ ಹಾಕಿ ತನ್ನಿ ಎಂದು ಮೊದಲೇ ಹೇಳಿದ್ದೆ. ಎಲ್ಲ ಅಂದರೆ ಎಲ್ಲ. ಮುರಳಿ ದೊಡ್ಡ ಗ್ರೋಸರಿ ಬ್ಯಾಗ್ ತಂದು ಟೇಬಲ್ ಮೇಲಿಟ್ಟರು. ಒಳಗೆ ಒಂದೇ ಒಂದು ಬಾಟಲಿ, ನಮ್ಮ ಡಾಕ್ಟರು ಬರೆದುಕೊಟ್ಟದ್ದು. ನೆಂಟರು ಬರುತ್ತಾರೆಂದರೆ ಹಾಲ್‌ನಲ್ಲಿ ಬಿದ್ದಿರುವುದನ್ನೆಲ್ಲ ಮಂಚದ ಕೆಳಗೆ ತಳ್ಳುತ್ತೇವಲ್ಲ, ಹಾಗೆ. ಇನ್ನೇನಾದರೂ ಇದೆಯಾ ಎಂದು ಅಜ್ಜಿಯನ್ನು ಕೇಳಿದೆ. ಮಗ ಉತ್ತರ ಕೊಟ್ಟರು. ಅಜ್ಜಿಯ ಮುಖವನ್ನೇ ನೋಡಿ ಮತ್ತೆ ಕೇಳಿದೆ. ಮತ್ತೆ ಮಗ. ನಾನು ಕೇಳುತ್ತಿರುವುದು ಯಾರನ್ನು? ಕೊನೆಗೆ ಅವರು ವಾಚ್ ನೋಡಿಕೊಂಡು, ಇದನ್ನೆಲ್ಲ ಡಾಕ್ಟರ್ ಹತ್ತಿರವೇ ಮಾತಾಡುತ್ತೇವೆ ಎಂದರು.

ಪುಣ್ಯಕ್ಕೆ ಅವರ ಪೇಜರ್ ಬಡಿದುಕೊಂಡಿತು. ತಾವು ಕೆಲಸ ಮಾಡುವ ಲ್ಯಾಬಿಗೆ ಫೋನ್ ಮಾಡಲು ರಿಸೆಪ್ಷನ್ ಕಡೆ ಹೋದರು.

ಮಗ ಬಾಗಿಲು ದಾಟಿದ್ದೇ ತಡ, ಅಜ್ಜಿ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಮೈಸೂರಲ್ಲಿ ಎಲ್ಲಿ, ಯಾರ ಪೈಕಿ ಎಂದು ವಿಚಾರಿಸಿದರು. ಆಮೇಲೆ ಕೈಚೀಲದ ತಳದಿಂದ ಬಟ್ಟೆಯ ಸಂಚಿ ತೆಗೆದು, ಅರ್ಧ ಖಾಲಿಯಾದ ಮಾತ್ರೆಯ ಸ್ಟ್ರಿಪ್ಪನ್ನು ನನ್ನ ಅಂಗೈಗೆ ಹಾಕಿದರು.

"ಮೈಸೂರಿನ ಡಾಕ್ಟ್ರು ಯಾವ ಕಾರಣಕ್ಕೂ ನಿಲ್ಲಿಸ್ಬೇಡಿ ಅಂದಿದಾರೆ. ಈ ಡಾಕ್ಟ್ರೂ ಪಾಪ, ಅಷ್ಟು ಚೆನ್ನಾಗಿ ಮಾತಾಡ್ಸಿ ಬರ್ಕೊಟ್ರು. ಅದಕ್ಕೆ ಎರಡೂ ತಗೋತೀನಿ. ಒಬ್ರ ಹತ್ರ ಇನ್ನೊಬ್ರ ಮಾತ್ರೆ ತೋರ್ಸಿದ್ರೆ ಬೇಜಾರಾಗಲ್ವಾ? ನೀನು ಡಾಕ್ಟ್ರಲ್ವಲ್ಲ, ಅದಕ್ಕೆ ಹೇಳ್ತಿದೀನಿ ಕಣಮ್ಮ."

ಸ್ಟ್ರಿಪ್ ಮೇಲೆ ಗ್ಲಿಬೆನ್‌ಕ್ಲಮೈಡ್ ಎಂದಿತ್ತು. ಬಾಟಲಿಯ ಮೇಲೆ ಗ್ಲೈಬುರೈಡ್ ಎಂದಿತ್ತು. ಎರಡೂ ಒಂದೇ ಔಷಧಿ. ಇಂಡಿಯಾದಲ್ಲಿ ಒಂದು ಹೆಸರು, ಅಮೆರಿಕದಲ್ಲಿ ಇನ್ನೊಂದು. ಮೂರು ವಾರದಿಂದ ಈಯಮ್ಮ ಒಂದೇ ಔಷಧಿಯನ್ನು ಎರಡು ಪಾಲು ನುಂಗುತ್ತಿದ್ದರು. ಅದರ ಮೇಲೆ ಸ್ನಾನ, ಪೂಜೆ ಮುಗಿಯುವವರೆಗೆ ಹೊಟ್ಟೆಗೆ ಏನೂ ಇಲ್ಲ. ಅವತ್ತೂ ತಿಂಡಿ ತಿಂದಿರಲಿಲ್ಲ. ಕೈ ಹಿಡಿದು ನೋಡಿದೆ, ತಣ್ಣಗೆ ಬೆವೆತು ನಡುಗುತ್ತಿತ್ತು. ಬೆರಳು ಚುಚ್ಚಿ ಶುಗರ್ ನೋಡಿದೆ. ನಲವತ್ತೆಂಟು. ಎಪ್ಪತ್ತಕ್ಕಿಂತ ಕೆಳಗೆ ಇಳಿದರೇ ನಮಗೆ ಗಾಬರಿ. ಇವರ ಮಗ ಡೋಸ್ ಏರಿಸಿ ಎನ್ನುತ್ತಿದ್ದಾರೆ. ಓಡಿಹೋಗಿ ಫ್ರಿಜ್ಜಿನಿಂದ ಜ್ಯೂಸ್ ತಂದು ಕುಡಿಸುತ್ತಿದ್ದಾಗ ಮುರಳಿ ಒಳಗೆ ಬಂದರು.

ಶುಗರ್ ಪೇಷಂಟ್‌ಗೆ ಜ್ಯೂಸ್ ಕೊಡುತ್ತೀರಲ್ಲ, ತಲೆ ಸರಿ ಇದೆಯಾ, ಡಾಕ್ಟರನ್ನು ಕೇಳಿದಿರಾ ಎಂದು ಎಗರಾಡಿದರು. ನಾನು ಮೀಟರ್ ತೋರಿಸಿದೆ. ಸ್ಟ್ರಿಪ್ಪನ್ನೂ ಬಾಟಲಿಯನ್ನೂ ಅಕ್ಕಪಕ್ಕ ಇಟ್ಟು ಬಿಡಿಸಿ ಹೇಳಿದೆ. ಅವರು ನನ್ನ ತಲೆಯ ಮೇಲಿಂದ ಬಾಗಿಲ ಕಡೆ ನೋಡುತ್ತಿದ್ದರು. ಡಾಕ್ಟರು ಬಂದು, ನಾನು ಹೇಳಿದ್ದನ್ನೇ ಇಂಗ್ಲಿಷಿನಲ್ಲಿ ಹೇಳಿದರು. ಯೆಸ್ ಡಾಕ್ಟರ್, ಥ್ಯಾಂಕ್ಯೂ ಡಾಕ್ಟರ್ ಎಂದರು ಮುರಳಿ. ಕಂಡುಹಿಡಿದದ್ದು ನಾನಲ್ಲ, ಇವರು ಎಂದು ಡಾಕ್ಟರು ನನ್ನ ಕಡೆ ಕೈ ತೋರಿಸಿದರು. ಥ್ಯಾಂಕ್ಯೂ ಡಾಕ್ಟರ್.

ಹೊರಡುವಾಗ ಮುರಳಿ ನನ್ನನ್ನೂ ಮಾತಾಡಿಸಿದರು. ನಿಮ್ಮ ಸ್ಟೋರ್ ಎಲ್ಲಿ ಎಂದು ಕೇಳಿದರು.

ನಾವು ಎಂಥ ಜನ ಸ್ವಾಮಿ? ಊರಿಂದ ಬರುವಾಗ ಚಕ್ಕುಲಿ, ಕೋಡುಬಳೆ ಜೊತೆಗೆ ಆಂಟಿಬಯಾಟಿಕ್ಸ್ ತಂದು ಅಕ್ಕಪಕ್ಕದವರಿಗೆ ಹಂಚುತ್ತೇವೆ. ಬಿ.ಪಿ. ಮಾತ್ರೆಯನ್ನು ಫ್ರೆಂಡ್ ಹೇಳಿದ ಎಂದು ಶುರು ಮಾಡುತ್ತೇವೆ, ಅತ್ತೆ ಹೇಳಿದರು ಎಂದು ನಿಲ್ಲಿಸುತ್ತೇವೆ. ಇಷ್ಟೆಲ್ಲ ಮಾಡಿ, ಡಾಕ್ಟರ ಮುಂದೆ ಕೂತಾಗ ಮಾತ್ರ ಏನೂ ಅರಿಯದ ಮಕ್ಕಳು. ಯಾಕೆ? ಅವರ ಮೇಲೆ ಗೌರವವಂತೆ. ನಿಜ ಹೇಳದಿರುವುದು ಯಾವ ಸೀಮೆ ಗೌರವ? ನನ್ನ ಮೇಲೆ ಆ ಗೌರವ ಇಲ್ಲದ್ದರಿಂದ ಅಜ್ಜಿ ಬದುಕಿಕೊಂಡರು. ಇದಕ್ಕೆ ನಾನು ಖುಷಿಪಡಬೇಕೋ, ಹಣೆ ಚಚ್ಚಿಕೊಳ್ಳಬೇಕೋ ಇನ್ನೂ ತಿಳಿದಿಲ್ಲ.

ಒಂದು ವಿಷಯ ಹೇಳಿರಲಿಲ್ಲ. ಜ್ಯೂಸ್ ಕುಡಿದ ಮಾತ್ರಕ್ಕೆ ಮುಗಿಯುವುದಿಲ್ಲ, ಈ ಮಾತ್ರೆಯಿಂದ ಶುಗರ್ ಮತ್ತೆ ಇಳಿಯಬಹುದು. ಹಾಗಾಗಿ ಮಧ್ಯಾಹ್ನದವರೆಗೂ ಅಜ್ಜಿಯನ್ನು ಅಲ್ಲೇ ಕೂರಿಸಿಕೊಂಡು ಮತ್ತೆ ಮತ್ತೆ ಬೆರಳು ಚುಚ್ಚಿದೆವು. ನಡುವೆ ಮಗ ಮತ್ತೆ ಫೋನ್ ಮಾಡಲು ಹೋದಾಗ ನಾನು ಮನೆಯ ವಿಷಯ ಕೇಳಿದೆ. ಮಗ, ಸೊಸೆ ಇಬ್ಬರೂ ಏಳೂವರೆಗೆ ಕೆಲಸಕ್ಕೆ ಹೋಗುತ್ತಾರಂತೆ. ಆಮೇಲೆ ಮನೆಯಲ್ಲಿ ಅಜ್ಜಿ ಮತ್ತು ಎರಡು ವರ್ಷದ ಮೊಮ್ಮಗಳು. ಹಿಂದಿನ ಶುಕ್ರವಾರ ಮಗುವಿಗೆ ದೋಸೆ ಹುಯ್ಯುವಾಗ ಕಣ್ಣು ಕತ್ತಲೆ ಬಂದು, ಹೇಗೋ ಸ್ಟವ್ ಆರಿಸಿ ನೆಲದ ಮೇಲೆ ಕೂತುಬಿಟ್ಟರಂತೆ. ಮಗು ಬಂದು ತೊಡೆಯ ಮೇಲೆ ಕೂತು ಬಳೆ ಜೊತೆ ಆಡಿಕೊಂಡಿತ್ತಂತೆ. ಎಷ್ಟು ಹೊತ್ತು ಎಂದು ಕೇಳಿದೆ. ನೆನಪಿಲ್ಲ ಎಂದರು. ಮಗನಿಗೂ ಹೇಳಿಲ್ಲ, ಸುಮ್ಮನೆ ಗಾಬರಿಯಾಗುತ್ತಾನಲ್ಲ ಎಂದರು.

ಡಾಕ್ಟರಿಗೆ ಬೇಜಾರಾಗಬಾರದು. ಮಗನಿಗೆ ಗಾಬರಿಯಾಗಬಾರದು. ಎಲ್ಲಾ ಸರಿ. ಅವತ್ತು ಸ್ಟವ್ ಆರಿಸುವಷ್ಟೂ ಶಕ್ತಿ ಉಳಿದಿರದಿದ್ದರೆ ಆ ಎರಡು ವರ್ಷದ ಮಗು ಯಾರನ್ನು ಕರೆಯಬೇಕಿತ್ತು?