ಸಾಂಬಾರಿಗೆ ಕಟ್ಟಿದ ರ್ಯಾಂಪ್

ರ್ಯಾಂಪ್ ಎಂಬ ಇಂಗ್ಲಿಷ್ ಪದ ಎಲ್ಲಿಂದ ಬಂತೆಂದು ನಾನು ನಿಘಂಟು ತೆರೆದದ್ದು ಅಕ್ಕನ ಮಗಳ ಮದುವೆಯ ಮರುದಿನ. ಮೂಲ ಹಳೆಯ ಫ್ರೆಂಚ್. ಮೊದಲು ತೆವಳುವುದು, ಹತ್ತುವುದು ಎಂಬ ಅರ್ಥವಿತ್ತಂತೆ. ಮುಂಗಾಲೆತ್ತಿ ಮೇಲೆರಗುವ ಸಿಂಹಕ್ಕೂ ಅದೇ ಪದ ಬಳಸಿದರು. ಇಳಿಜಾರು ಎಂಬ ಅರ್ಥ ತೀರ ಆಮೇಲಿನದು. ಮದುವೆ ನಡೆದ ಬನಶಂಕರಿಯ ಕಲ್ಯಾಣ ಮಂಟಪ ಕಟ್ಟಿಸಿದವರು ಆ ಕೊನೆಯ ಅರ್ಥದವರೆಗೆ ಓದಿರಲಿಲ್ಲ.

ಅಮ್ಮನಿಗೆ ಸೊಂಟ ಮುರಿದ ಮೇಲೆ ಗಾಲಿಕುರ್ಚಿಯೇ ಗತಿ. ಮೊಮ್ಮಗಳ ಧಾರೆಗೆ ತನ್ನ ಕೈಯಿಂದ ಅಕ್ಷತೆ ಹಾಕಬೇಕೆಂಬುದೊಂದೇ ಅವಳ ಆಸೆ. ಹಾಗಾಗಿ ಬುಕ್ ಮಾಡುವಾಗ ಮ್ಯಾನೇಜರನ್ನು ಎರಡು ಸಲ ಕೇಳಿದ್ದೆ.

“ರ್ಯಾಂಪ್ ಇದೆ ಸಾರ್. ಗ್ರಾನೈಟು! ಪಾಲಿಶ್ ಮಾಡ್ಸಿದೀವಿ, ಮುಖ ನೋಡ್ಕೋಬೋದು.”

ಮುಖವೇನೋ ಕಂಡಿತು. ಮುಹೂರ್ತಕ್ಕೆ ಹತ್ತು ನಿಮಿಷವಿತ್ತು. ಅಡ್ಡಲಾಗಿದ್ದ ಎರಡು ಹೂಕುಂಡ ಸರಿಸಿ ಕುರ್ಚಿ ತಳ್ಳಿದೆ. ಅರ್ಧ ಏರಿದ್ದೆವು, ನನ್ನ ಚಪ್ಪಲಿ ಜಾರಿತು. ಕುರ್ಚಿ ಹಿಂದಕ್ಕೆ ಬಂತು. ಮಂಡಿಯೂರಿ, ಎದೆ ಕೊಟ್ಟು ತಡೆದೆ. ಹಿಡಿಕೆ ಹಿಡಿಯಲು ಅಮ್ಮ ಮುಷ್ಟಿ ಬಿಚ್ಚಿದಳು. ಅಕ್ಷತೆಯೆಲ್ಲ ಗ್ರಾನೈಟಿನ ಮೇಲೆ ಚೆಲ್ಲಿ ಕೆಳಗಿಳಿಯಿತು. ಆ ರ್ಯಾಂಪಿನಲ್ಲಿ ಸಲೀಸಾಗಿ ಇಳಿದದ್ದು ಅದೊಂದೇ.

ಮ್ಯಾನೇಜರ್ ಓಡಿ ಬಂದರು. “ಇನ್‌ಸ್ಪೆಕ್ಷನ್‌ಗೆ ಬಂದವ್ರು ಓಕೆ ಅಂದಿದ್ರು ಸಾರ್.”

“ಅವ್ರು ಹತ್ತಿ ನೋಡಿದ್ರಾ?”

“ಇಲ್ಲ ಸಾರ್. ಫೋಟೋ ತಗೊಂಡ್ರು.”

ಅಷ್ಟರಲ್ಲಿ ಅಡುಗೆ ಭಟ್ಟರು ಪಂಚೆಗೆ ಕೈ ಒರೆಸಿಕೊಳ್ಳುತ್ತ ಬಂದು, “ಹಿಂದ್ಗಡೆಯಿಂದ ಕರ್ಕೊಂಡ್ಬನ್ನಿ,” ಎಂದರು.

ಹಿಂದೆ ಇನ್ನೊಂದು ರ್ಯಾಂಪ್ ಇತ್ತು. ಉದ್ದ, ಕಡಿಮೆ ಏರು, ಒರಟು ಸಿಮೆಂಟು, ಜಾರದಂತೆ ಗೀರು ಗೀರು. ಕುರ್ಚಿ ಒಂದು ಕೈಯಲ್ಲಿ ತಳ್ಳಿದರೂ ಹೋಗುತ್ತಿತ್ತು. ನಾನು ಎರಡೂ ಕೈಯಲ್ಲಿ ಬಿಗಿಹಿಡಿದಿದ್ದೆ.

“ಇದನ್ನ ಮಾತ್ರ ಇಷ್ಟು ಚೆನ್ನಾಗಿ ಕಟ್ಸಿದಾರಲ್ಲ?”

“ಪಾತ್ರೆ ಎಲ್ಲಾ ಇದ್ರಲ್ಲೇ ಬರೋದು. ಸಾಂಬಾರ್ ಚೆಲ್ಲಬಾರ್ದಲ್ಲ ಸಾರ್! ಅಳತೆ ನಾನೇ ನಿಂತು ಹೇಳ್ದೆ.”

ಅಡುಗೆಮನೆಯಲ್ಲಿ ಭಟ್ಟರು ಒಂದು ಹಿಡಿ ಅಕ್ಕಿ ಕೊಟ್ಟರು. ಅರಿಸಿನ, ಒಂದು ತೊಟ್ಟು ತುಪ್ಪ ಕೇಳಿ ಪಡೆದು ಅಮ್ಮ ತಾನೇ ಕಲಸಿದಳು. ಊಟದ ಹಾಲ್ ದಾಟುವಾಗ ಗಟ್ಟಿಮೇಳ ಶುರುವಾಯಿತು. ಓಡಿದೆ. ಮಂಟಪದೆದುರು ಕುರ್ಚಿ ನಿಲ್ಲುವ ಮೊದಲೇ ಅಮ್ಮ ಮುಷ್ಟಿ ಬಿಚ್ಚಿ ಅಕ್ಷತೆ ಹಾಕಿದಳು. ಈ ಸಲ ಕಾಳುಗಳು ಮೊಮ್ಮಗಳ ತಲೆಯ ಮೇಲೇ ಬಿದ್ದವು.

ಹೊರಡುವಾಗ ಮ್ಯಾನೇಜರ್ ಮುಂಬಾಗಿಲು ತೆಗೆದು, ಕುರ್ಚಿ ಎತ್ತಿ ಇಳಿಸಲು ನಾಲ್ಕು ಜನರನ್ನು ನಿಲ್ಲಿಸಿಕೊಂಡು ಕಾಯುತ್ತಿದ್ದರು.

“ಬೇಡಪ್ಪಾ,” ಎಂದಳು ಅಮ್ಮ. “ನಾನು ಸಾಂಬಾರ್ ದಾರೀಲೇ ಹೋಗ್ತೀನಿ.”